ಕೊಬ್ಬಿಲ್ಲದ ಹೊಟ್ಟೆ

ಊಟ ಮುಗಿಸಿ ಕೈ ತೊಳೆದು ಬಂದವರನ್ನೆಲ್ಲ ರಾಮದಾಸ ಹಾಲಿನಲ್ಲಿ ಸಾಲಾಗಿ ಕೂರಿಸಿ ವಿ.ಸಿ.ಆರ್.ಗೆ ಕ್ಯಾಸೆಟ್ ತುರುಕಿದಾಗ, ಯಾರದೋ ಮದುವೆಯದ್ದಿರಬೇಕು ಎಂದುಕೊಂಡು ಮಹಾಬಲ ಗೋಡೆಗೆ ಒರಗಿ ಕೂತ. ಬಾಯಲ್ಲಿ ಇನ್ನೂ ಪಾಯಸದ ಸಿಹಿ ಇತ್ತು. ಟಿ.ವಿ.ಯಲ್ಲಿ ಮದುಮಗನೂ ಬರಲಿಲ್ಲ, ಮದುಮಗಳೂ ಬರಲಿಲ್ಲ. ಕೆಂಪು ಹಳದಿ ಬಣ್ಣದ, ಒದ್ದೆಒದ್ದೆಯಾದ ಏನೋ ಒಂದು ಪರದೆ ತುಂಬ ಹೊಳೆಯುತ್ತ ಅಲುಗಾಡಿತು. ಎಡಗಡೆಯಿಂದ ಉಕ್ಕಿನ ಇಕ್ಕಳವೊಂದು ಬಂದು ಅದರ ಒಂದು ಚೂರನ್ನು ಕಚ್ಚಿ ಎಳೆಯಿತು.

“ಇದು ನನ್ನ ಹೊಟ್ಟೆ ಕಣ್ರೀ, ಒಳಗಡೆ,” ಎಂದ ರಾಮದಾಸ, ಗೃಹಪ್ರವೇಶಕ್ಕೆ ಬಂದವರಿಗೆ ದೇವರ ಕೋಣೆ ತೋರಿಸುವವನ ಹಾಗೆ.

ರಾಮದಾಸ ಮಹಾಬಲನ ತಂಗಿ ನಿರ್ಮಲಳ ಗಂಡ. ಮೈಸೂರಿನವನು, ತಿರುವನಂತಪುರದ ಹತ್ತಿರ ತುಂಬಾ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಇಂಜಿನಿಯರ್. ಅವನಿಗೆ ತೊಡೆಸಂದಿನಲ್ಲಿ ಹರ್ನಿಯ ಆಗಿತ್ತು. ತಿರುವನಂತಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಹೊಟ್ಟೆ ಕೊಯ್ಯದೆ ಮೂರು ತೂತು ಮಾತ್ರ ಕೊರೆದು, ಒಂದರಲ್ಲಿ ಕ್ಯಾಮೆರಾ ಇಳಿಸಿ ಮಾಡುವ ಹೊಸ ಬಗೆಯ ಆಪರೇಷನ್ ಮಾಡಿಸಿಕೊಂಡಿದ್ದ. ಆ ಕ್ಯಾಮೆರಾ ಕಂಡದ್ದನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿ ಡಾಕ್ಟರೇ ಕೊಟ್ಟು ಕಳಿಸಿದ್ದರು. ಇವತ್ತು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬಂದವರಿಗೆ ಪ್ರಸಾದದ ಜೊತೆಗೆ ಇದೂ ಸಿಕ್ಕಿತು.

ಪಕ್ಕದ ಕ್ವಾರ್ಟರ್ಸಿನ ಒಬ್ಬಾಕೆ ಕರಿಬೇವಿನ ಗಿಡ ನೋಡುವ ನೆಪ ಮಾಡಿ ಹಿತ್ತಲಿಗೆ ಹೋದವಳು ತಿರುಗಿ ಬರಲಿಲ್ಲ. ನಿರ್ಮಲಳ ಮಗಳು ಅಪರ್ಣಾ ಮೂಗು ಮುಚ್ಚಿಕೊಂಡು ಮಲಯಾಳದಲ್ಲಿ ಏನೋ ಗೊಣಗಿ ಎದ್ದಳು. ಅಪ್ಪ ಬೈದದ್ದಕ್ಕೆ ಮತ್ತೆ ಕೂತಳು. ಮಹಾಬಲ ಪರದೆಯಿಂದ ಕಣ್ಣು ಕಿತ್ತು ನೆಲ ನೋಡಿದ. ಮನುಷ್ಯ ತನ್ನ ಕರುಳನ್ನು ತಾನೇ ಹಾಲಿನಲ್ಲಿ ಹರವಿಕೊಂಡು ಕೂರುವುದೆಂದರೇನು? ಎದ್ದು ಹೋಗೋಣವೆಂದರೆ ತಂಗಿಯ ಗಂಡ, ಅವನದೇ ಮನೆ, ಈಗಷ್ಟೇ ಅವನ ಅನ್ನ ಉಂಡದ್ದು. ಮಹಾಬಲನ ಮನೆತನದಲ್ಲಿ ಹೆಣ್ಣು ಕೊಟ್ಟ ಮನೆಯ ಪಂಕ್ತಿಯಲ್ಲಿ ಉಂಡು ಅಳಿಯನ ಮಾತಿಗೆ ಇಲ್ಲ ಅಂದವರಿರಲಿಲ್ಲ. ಕಾಸರಗೋಡಿನ ತನ್ನ ಹಳ್ಳಿಯಿಂದ ಅವನು ತಂದ ಆಸ್ತಿಯಲ್ಲಿ ಉಳಿದದ್ದು ಇಂಥ ಮರ್ಯಾದೆಗಳೇ.

ಕ್ಯಾಸೆಟ್ ಮುಗಿಯುವ ಮುಂಚೆಯೇ ರಾಮದಾಸ ರಿಮೋಟ್ ಎತ್ತಿ ಚಿತ್ರ ನಿಲ್ಲಿಸಿ, ಮಹಾಬಲನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ನಮ್ಮ ಭಾವನಿಗೂ ಇದೇ ಇದೆ. ಬಲಗಡೆ. ಇವರಿಗೂ ಇದನ್ನೇ ಮಾಡಿಸೋಣ ಅಂತ.”

ಇಷ್ಟು ವರ್ಷ ಹೆಂಡತಿಯೊಬ್ಬಳಿಗೆ ಬಿಟ್ಟು ಬೇರೆ ನರಪಿಳ್ಳೆಗೆ ಗೊತ್ತಿಲ್ಲದ್ದನ್ನು ಅವನು ಹೀಗೆ ನೆಲದ ಮೇಲೆ ಎಸೆದ. ಅಲ್ಲಿದ್ದ ಗಂಡಸರ ಕಣ್ಣೆಲ್ಲ ಒಟ್ಟಿಗೆ ಮಹಾಬಲನ ಪಂಚೆಯ ಮೇಲೆ ಬಿತ್ತು. ಅವನ ಕಿವಿ ಸುಟ್ಟಂತಾಯಿತು. ಹೆಂಡತಿ ಸುಶೀಲ ಬಾಗಿಲ ಮರೆಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವಳೇ ನಿರ್ಮಲಳಿಗೆ ಹೇಳಿದ್ದು, ಬೇರೆ ಯಾರು?

ಹೇಳದೆ ಅವಳಿಗೂ ಗತಿಯಿರಲಿಲ್ಲ. ಮಹಾಬಲ ಕೊಚ್ಚಿಯ ಹತ್ತಿರ ಅಂಬಲಮುಗಳ್‌ನ ಎಣ್ಣೆ ಸಂಸ್ಕರಣಾಗಾರದಲ್ಲಿ ಹೆಡ್ ರಿಗ್ಗರ್. ದೊಡ್ಡ ದೊಡ್ಡ ಗೋಪುರ, ಪೈಪು, ಪಾತ್ರೆಗಳಿಗೆ ಉಕ್ಕಿನ ಹಗ್ಗ ಕಟ್ಟಿಸಿ, ಕ್ರೇನಿನವನಿಗೆ ಕೈಸನ್ನೆ ಕೊಟ್ಟು ಎತ್ತಿಸುವವನು. ಉಕ್ಕಿನ ಸರಪಳಿ ಹೊತ್ತು ಹೊತ್ತು ತೊಡೆಸಂದಿನಲ್ಲಿ ಒಂದು ಗಂಟು ಕಾಣಿಸಿಕೊಂಡು, ನಿಂಬೆಹಣ್ಣಿನಷ್ಟಾಗಿ, ಮೊಟ್ಟೆಯಷ್ಟಾಗಿ ಬೆಳೆದಿತ್ತು. ಅದನ್ನು ಒಳಕ್ಕೆ ಒತ್ತಿ, ತೋರ್ತು ಎಂಬ ತೆಳು ಟವೆಲನ್ನು ಮಡಿಸಿಟ್ಟು, ಮೇಲೆ ಚರ್ಮದ ಪಟ್ಟಿ ಬಿಗಿದು ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಬಿಚ್ಚಿದಾಗ ಆ ತೋರ್ತು ಬೆವರಿನಲ್ಲಿ ನೆನೆದು ಹುಳಿವಾಸನೆ ಹೊಡೆಯುತ್ತಿತ್ತು. ವರ್ಷಕ್ಕೊಮ್ಮೆ ಕಂಪೆನಿಯ ಡಾಕ್ಟರು ಸಂದಿಗೆ ಬೆರಳಿಟ್ಟು ಕೆಮ್ಮು ಎನ್ನುವಾಗ, ಹೊಟ್ಟೆ ಬಿಗಿಹಿಡಿದು ಗಂಟಲಲ್ಲಿ ಮಾತ್ರ ಕೆಮ್ಮುವ ವಿದ್ಯೆಯನ್ನೂ ಕಲಿತಿದ್ದ. ಈ ವರ್ಷ ಹೊಸ ಡಾಕ್ಟರು ಬಂದ. ಇನ್ನೊಮ್ಮೆ ಕೆಮ್ಮಿಸಿದ, ಮತ್ತೊಮ್ಮೆ ಕೆಮ್ಮಿಸಿದ, ಆಮೇಲೆ ಮೆಟ್ಟಿಲು ಹತ್ತಿಸಿ ಇಳಿಸಿ ಕೆಮ್ಮಿಸಿದ. ಗಂಟು ಪಟಕ್ಕನೆ ಅವನ ಕೈಗೇ ಬಂತು. ಆಪರೇಷನ್ ಮಾಡಿಸಿಕೊಂಡು ಗುಣವಾಗಿ ಬಾ, ಅಲ್ಲಿಯವರೆಗೆ ಉಪಕರಣದ ಕೋಣೆಯಲ್ಲಿ ಕೂರು ಎಂದು ಹೇಳಿ ಕಳಿಸಿದ.

ಕೂರುವುದಕ್ಕೆ ಅದು ಹೊತ್ತಲ್ಲ. ಮಳೆಗಾಲಕ್ಕೆ ಮುಂಚೆ ಘಟಕ ನಿಲ್ಲಿಸಿ ಹಳೆಯ ಗೋಪುರ ಇಳಿಸಿ ಹೊಸದನ್ನು ನಿಲ್ಲಿಸುವ ಕೆಲಸವಿತ್ತು. ಅಷ್ಟು ಎತ್ತರದ, ಅಷ್ಟು ತೂಕದ ಗೋಪುರವನ್ನು ಅಷ್ಟು ಇಕ್ಕಟ್ಟಿನಲ್ಲಿ ಆ ಜಾಗದಲ್ಲಿ ಯಾರೂ ಎತ್ತಿರಲಿಲ್ಲ. ಎಲ್ಲಿ ಹಗ್ಗ ಕಟ್ಟಬೇಕು, ಯಾವ ಕ್ಷಣದಲ್ಲಿ ತಿರುಗಿಸಬೇಕು ಎಂದು ಅವನು ವರ್ಷದಿಂದ ತಲೆಯಲ್ಲೇ ಎತ್ತಿ ಇಳಿಸಿ ಮಾಡುತ್ತಿದ್ದ. ಹಳ್ಳಿಶಾಲೆಯ ಓದು ಮುಗಿಸಿ ಕೂಲಿಗೆ ಬಂದವನು ಇವತ್ತು ಕೈ ಎತ್ತಿದರೆ ಇಂಜಿನಿಯರುಗಳು ಬಾಯಿ ಮುಚ್ಚಿ ನಿಲ್ಲುತ್ತಾರೆಂದರೆ, ಅದು ಇಂಥ ಎತ್ತುವಿಕೆಗಳಿಂದ ಬಂದದ್ದು. ಆ ದಿನ ಅಲ್ಲಿ ತಾನಿರಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಅತಿಥಿಗಳು ಹೋದ ಮೇಲೆ ರಾಮದಾಸ ಎರಡು ಬಗೆಯನ್ನೂ ಬಿಡಿಸಿ ಹೇಳಿದ. ಹಳೆಯ ಬಗೆಯಲ್ಲಿ ಸಂದಿನ ಮೇಲೆ ಅಂಗೈಯಗಲ ಕೊಯ್ಯುತ್ತಾರೆ, ಹರಿದ ಗೋಡೆಗೆ ಹೊರಗಿನಿಂದ ಬಲೆಯ ತೇಪೆ ಹೊಲಿಯುತ್ತಾರೆ. ಸೊಂಟದ ಕೆಳಗೆ ಮರಗಟ್ಟಿಸಿದರೆ ಸಾಕು, ಆದರೆ ನೋವು ಜಾಸ್ತಿ, ಭಾರದ ಕೆಲಸಕ್ಕೆ ಬೇಗ ಬಿಡುವುದಿಲ್ಲ. ಹೊಸದರಲ್ಲಿ ಪೂರ್ತಿ ಮತ್ತು ಬರಿಸಿ ಮಲಗಿಸಬೇಕು, ಆಪರೇಷನ್ ಹೊತ್ತು ಹಿಡಿಯುತ್ತದೆ, ಅಪರೂಪಕ್ಕೆ ಒಳಗೆ ಕರುಳಿಗೋ ರಕ್ತನಾಳಕ್ಕೋ ಪೆಟ್ಟಾಗುವುದೂ ಉಂಟಂತೆ. ಆದರೆ ಪಳಗಿದ ಕೈಯಾದರೆ ರೋಗಿ ಬೇಗ ಏಳುತ್ತಾನೆ. ತಾನೇ ಸಾಕ್ಷಿ, ವಾರದೊಳಗೆ ಸ್ಕೂಟರ್ ಓಡಿಸಿದೆ ಎಂದ.

ಮಹಾಬಲ ಒಂದೇ ಮಾತು ಕೇಳಿದ. “ತೇಪೆ ಹಾಕುವುದು ಒಳಗಿಂದಲಾ?”

“ಒಳಗಿಂದ.”

ಅಷ್ಟು ಸಾಕಾಯಿತು. ಒತ್ತಡ ಒಳಗಿನಿಂದ ಹೊರಕ್ಕೆ. ಸೋರುವ ತೊಟ್ಟಿಗೆ ತೇಪೆ ಒಳಗೆ ಹಾಕಿದರೆ ಆ ಒತ್ತಡವೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜೊತೆಗೆ ಗೋಪುರ ಎತ್ತುವ ಹೊತ್ತಿಗೆ ಎದ್ದು ನಿಲ್ಲಬಹುದು. ಕ್ಯಾಸೆಟ್ಟಿನ ಹೇಸಿಗೆಯನ್ನು ನುಂಗಿಕೊಂಡು, “ಆಗಲಿ ಭಾವ, ನೀವೇ ಮಾತಾಡಿ,” ಎಂದುಬಿಟ್ಟ. ಎಲ್ಲವನ್ನೂ ಭಾವನ ಕೈಗೆ ಕೊಟ್ಟು ಅವನು ಕೊಚ್ಚಿಯ ರೈಲು ಹತ್ತಿದ.

ಗೊತ್ತುಮಾಡಿದ ದಿನದ ಹಿಂದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ತಿರುವನಂತಪುರಕ್ಕೆ ಬಂದು ಆಸ್ಪತ್ರೆ ಸೇರಿದರು. ಕೋಣೆಗೆ ಎ.ಸಿ., ಕಿಟಕಿಗೆ ಪರದೆ. ಇಷ್ಟೊಂದು ಉಪಚಾರ ಯಾಕೆಂದು ಅವನಿಗೆ ಅರ್ಥವಾಗಲಿಲ್ಲ. ಮಧ್ಯಾಹ್ನ ಒಬ್ಬ ಬಂದು ರೇಜರಿನಿಂದ ಕೂದಲು ಬೋಳಿಸತೊಡಗಿದ. ಒಂದು ಮಗ್ಗುಲು ಮುಗಿದಿತ್ತಷ್ಟೇ, ಬಾಗಿಲು ತೆರೆದು, ಆಪರೇಷನ್ ಮಾಡಬೇಕಿದ್ದ ಡಾಕ್ಟರ್ ಈಪ್ಪನ್ ಒಳಗೆ ಬಂದರು. ಒಬ್ಬರೇ ಅಲ್ಲ. ಹಿಂದೆ ಟೈ ಕಟ್ಟಿದ ನಾಲ್ಕೈದು ಮಂದಿ, ಅವರ ಹಿಂದೆ ಹೆಗಲಿಗೆ ಕ್ಯಾಮೆರಾ ಏರಿಸಿದ ಒಬ್ಬ.

ನಮಸ್ಕಾರವಿಲ್ಲ, ಹೇಗಿದ್ದೀರಿ ಎಂಬ ಮಾತಿಲ್ಲ. ಈಪ್ಪನ್ ಹೊದಿಕೆಯನ್ನು ಮೊಣಕಾಲಿನವರೆಗೆ ಸರಕ್ಕನೆ ಎಳೆದರು. ಅರ್ಧ ಬೋಳಿಸಿದ ಮೈ, ಸೋಪಿನ ನೊರೆ, ಮೊಟ್ಟೆಗಾತ್ರದ ಗಂಟು, ಮಿಕ್ಕಿದ್ದು, ಎಲ್ಲವೂ ಅಷ್ಟು ಜನರ ಮುಂದೆ ತಣ್ಣನೆ ಗಾಳಿಗೆ ಬಿತ್ತು. ಕೆಮ್ಮಲು ಹೇಳಿದರು. ಕೆಮ್ಮಿದ. ಒಬ್ಬ ಬೆರಳಿಟ್ಟು ನೋಡಿದ, ಕೈ ಒರೆಸಿಕೊಂಡ, ಇನ್ನೊಬ್ಬ ಇಟ್ಟ. ಸಂತೆಯಲ್ಲಿ ಹಲಸಿನಹಣ್ಣು ಒತ್ತಿ ನೋಡುವವರಾದರೂ ಮಾರುವವನ ಮುಖ ನೋಡುತ್ತಾರೆ. ಇವರು ಅದನ್ನೂ ನೋಡಲಿಲ್ಲ. ಈಪ್ಪನ್ ಇಂಗ್ಲಿಷಿನಲ್ಲಿ ವಿವರಿಸುತ್ತ ಹೋದರು. ಸೈಟಿನಲ್ಲಿ ಕೇಳಿ ಕೇಳಿ ಕಲಿತ ಇಂಗ್ಲಿಷಿನಲ್ಲಿ ಮಹಾಬಲನಿಗೆ ಅರ್ಥವಾದದ್ದು ಇಷ್ಟು: ಕೂಲಿಯ ಮೈ, ತೆಳ್ಳಗಿದೆ, ಕೊಬ್ಬಿಲ್ಲ, ಪರದೆಯ ಮೇಲೆ ಒಳಗಿನದೆಲ್ಲ ಚೆನ್ನಾಗಿ ಕಾಣುತ್ತದೆ.

ಬಂದ ಹಾಗೆಯೇ ಹೋದರು. ಹೊದಿಕೆ ಮೇಲೆಳೆದದ್ದು ಸುಶೀಲ.

ಯಾವ ಪರದೆ ಎಂದು ಅವನು ನರ್ಸನ್ನು ಕೇಳಿದ. ಅವಳು ಸಂಭ್ರಮದಿಂದಲೇ ಹೇಳಿದಳು. ನಾಳೆ ನಗರದ ದೊಡ್ಡ ಹೋಟೆಲೊಂದರಲ್ಲಿ ಡಾಕ್ಟರುಗಳ ಸಮ್ಮೇಳನ. ಇಲ್ಲಿ ಆಪರೇಷನ್ ನಡೆಯುವುದನ್ನು ಅಲ್ಲಿ ಹಾಲಿನಲ್ಲಿ ಕೂತು ನೂರಾರು ಮಂದಿ ನೋಡುತ್ತಾರೆ, ನಡುನಡುವೆ ಪ್ರಶ್ನೆ ಕೇಳುತ್ತಾರೆ, ಈಪ್ಪನ್ ಸಾರ್ ಕೈ ನಿಲ್ಲಿಸಿ ಉತ್ತರ ಹೇಳುತ್ತಾರೆ. ಚೇಟ್ಟಾ, ಅಣ್ಣಾ, ನಿಮಗೆ ಗೊತ್ತಿಲ್ಲವಾ, ನಿಮ್ಮ ಮನೆಯವರೇ ಒಪ್ಪಿದ್ದಲ್ಲವಾ ಎಂದಳು.

ಸಂಜೆ ರಾಮದಾಸ ಕಿತ್ತಳೆಹಣ್ಣು ಹಿಡಿದುಕೊಂಡು ನಗುನಗುತ್ತ ಬಂದ. ಮಹಾಬಲ ಮಂಚದ ತುದಿಯಲ್ಲಿ ಪಂಚೆ ಉಟ್ಟು ಕೂತಿದ್ದ.

“ನಾಳೆ ನನ್ನನ್ನು ಹೋಟೆಲಿನಲ್ಲಿ ತೋರಿಸುವುದಂತೆ. ಹೌದಾ ಭಾವ?”

“ಅಯ್ಯೋ, ಅದೊಂದು ಗೌರವ ಕಣ್ರೀ. ಹತ್ತು ಜನ ಇದ್ರು, ಡಾಕ್ಟ್ರು ನಿಮ್ಮನ್ನೇ ಆರಿಸಿದ್ರು. ಮನೇಲಿದ್ದ ನಿಮ್ಮ ಫೋಟೋ ತೋರಿಸಿದ್ದೆ, ಮೈ ನೋಡಿ ಖುಷಿಯಾಗಿಬಿಟ್ರು. ನಿಮ್ಮ ಮುಖ ಯಾರಿಗೂ ಕಾಣಲ್ಲ.”

“ಮುಖ ಕಾಣುವುದಿಲ್ಲ. ಅದೊಂದು ಬಿಟ್ಟು ಎಲ್ಲ ಕಾಣ್ತದೆ.”

“ಮತ್ತಿನಲ್ಲಿರ್ತೀರಿ ಭಾವ, ನಿಮಗೆ ಏನು ಗೊತ್ತಾಗತ್ತೆ?”

ಆ ಮಾತಿಗೆ ಮಹಾಬಲನ ಮೈ ಉರಿದುಹೋಯಿತು. ಹೆಣಕ್ಕೂ ಗೊತ್ತಾಗುವುದಿಲ್ಲ. ಹಾಗೆಂದು ಅದನ್ನು ಬಟ್ಟೆ ಬಿಚ್ಚಿ ಬೀದಿಯಲ್ಲಿ ಮಲಗಿಸುತ್ತಾರೆಯೇ? ಇಷ್ಟು ಹೊತ್ತು ಸಿಟ್ಟು ಡಾಕ್ಟರರ ಮೇಲಿತ್ತು, ಈಗ ಪೂರ್ತಿ ಇತ್ತ ತಿರುಗಿತು. ಈಪ್ಪನ್‌ಗೆ ಅವನು ಯಾರೋ ಒಬ್ಬ. ಇವನು ತಂಗಿಯ ಗಂಡ. ದೊಡ್ಡ ಡಾಕ್ಟರೊಬ್ಬರ ಹೆಗಲ ಪಕ್ಕ ನಿಲ್ಲುವ ಆಸೆಗೆ, ಅಂಗಡಿಯಿಂದ ಬದನೆಕಾಯಿ ಆರಿಸಿ ಕೊಟ್ಟ ಹಾಗೆ ತನ್ನನ್ನು ಕೊಟ್ಟುಬಿಟ್ಟಿದ್ದಾನೆ. ಒಂದು ಸಲ ಬಾಯಿಬಿಟ್ಟು ಕೇಳಿಯೂ ಇಲ್ಲ.

“ಸುಶೀಲ, ಚೀಲ ತೆಗಿ,” ಎಂದ.

ರಾಮದಾಸನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೆವರಿದ. ನಾಳೆಯ ಏರ್ಪಾಡೆಲ್ಲ ಆಗಿಹೋಗಿದೆ, ತಾನು ಮಾತು ಕೊಟ್ಟಿದ್ದೇನೆ, ತಾನಿನ್ನು ಡಾಕ್ಟರಿಗೆ ಮುಖ ಹೇಗೆ ತೋರಿಸಲಿ ಎಂದು ಹಲುಬಿದ. ಆಮೇಲೆ ನಿರ್ಮಲಳ ಹೆಸರು ಹಿಡಿದ. ಕೊನೆಗೆ, ಹಳ್ಳಿಯವರಿಗೆ ಒಳ್ಳೆಯದು ಮಾಡಹೋಗಬಾರದು ಎಂದು ಮೈಸೂರಿನ ಸಣ್ಣ ದನಿಯಲ್ಲಿ ಅಂದ. ಮಹಾಬಲ ಈಗ ಅವನ ಮನೆಯ ಪಂಕ್ತಿಯಲ್ಲಿರಲಿಲ್ಲ, ಅವನ ಅನ್ನ ಉಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದ. ನಿನ್ನ ಕರುಳು ನೀನು ತೋರಿಸಿಕೊ, ನನ್ನದಕ್ಕೆ ನೀನು ಯಾರು ಎಂಬುದು ಅದರಲ್ಲಿ ಹೇಳಬಹುದಾದ ಭಾಗ. ಏಕವಚನಕ್ಕೆ ಇಳಿದದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಕಾರಿಡಾರಿನಲ್ಲಿ ಸುಶೀಲ ಅವನ ತೋಳು ಹಿಡಿದು ನಿಲ್ಲಿಸಿದಳು. ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು.

“ಇವರು ಮಾಡಿದ್ದು ಹೇಸಿಗೆಯೇ. ನಾನು ಅಲ್ಲ ಹೇಳುವುದಿಲ್ಲ. ಆದರೆ ಇದು ಬಿಟ್ಟರೆ ಗೋಪುರ ಎತ್ತುವಾಗ ನೀವು ಅಲ್ಲಿ ಇರುವುದಿಲ್ಲ. ಆಮೇಲೆ ಮನೆಯಲ್ಲಿ ಪಾತ್ರೆ ಕುಕ್ಕುವುದು ಬೇಡ. ಈಗಲೇ ಹೇಳಿ.”

ಅವನು ನಿಂತ. ಕಣ್ಣು ಮುಚ್ಚಿದರೆ ಆ ಗೋಪುರ ಹಗ್ಗದಲ್ಲಿ ತೂಗಿ, ನಿಧಾನಕ್ಕೆ ಬುಡ ಬಿಟ್ಟು, ನೆಟ್ಟಗಾಗುವುದು ಕಾಣುತ್ತಿತ್ತು. ಒಂದು ಹೊತ್ತು ಕಣ್ಣು ಮುಚ್ಚಿ ಬಿದ್ದುಕೊಂಡರೆ ಆಯಿತು. ಮುಖವಂತೂ ಕಾಣುವುದಿಲ್ಲ. ತಿರುಗಿ ಕೋಣೆಯ ಕಡೆ ನೋಡಿದ. ಬಾಗಿಲಲ್ಲಿ ರಾಮದಾಸ, ಕಿತ್ತಳೆಯ ಪೊಟ್ಟಣ ಹಿಡಿದೇ, ಕ್ಯಾಮೆರಾದವನಿಗೆ ಸಮಾಧಾನ ಹೇಳುತ್ತಿದ್ದ. ಬರ್ತಾರೆ, ಬರ್ತಾರೆ, ಸ್ವಲ್ಪ ಸಿಟ್ಟಿನ ಮನುಷ್ಯ, ಅಷ್ಟೇ. ಮಹಾಬಲ ಮೆಟ್ಟಿಲು ಇಳಿದ. ಅರ್ಧ ಬೋಳಿಸಿದ ಜಾಗ ರೈಲಿನಲ್ಲಿ ಎರ್ನಾಕುಳಂ ತಲುಪುವವರೆಗೂ ಪಂಚೆಗೆ ಉಜ್ಜಿ ಚುಚ್ಚುತ್ತಿತ್ತು, ಕೆರೆದುಕೊಳ್ಳುವ ಹಾಗೂ ಇಲ್ಲ.

ಕೊಚ್ಚಿಯಲ್ಲಿ ಅವನು ಹೋದದ್ದು ಡಾಕ್ಟರ್ ಉಣ್ಣಿತ್ತಾನ್ ಎಂಬ ಮುದುಕರ ಹತ್ತಿರ. ಹಳೆಯ ಕಟ್ಟಡ, ಬಣ್ಣ ಎದ್ದ ಗೋಡೆ, ಹೊರಗೆ ಬೆಂಚಿನ ಮೇಲೆ ಕೂತು ಉಗುಳುವ ರೋಗಿಗಳು. ಅವರು ಕನ್ನಡಕ ಒರೆಸಿಕೊಂಡು ಕಥೆಯೆಲ್ಲ ಕೇಳಿದರು. ಈಪ್ಪನ್ ಒಳ್ಳೆಯ ಕೈ, ಆ ಬಗೆಯೂ ಒಳ್ಳೆಯದೇ, ಅಲ್ಲಿ ಮಾಡಿಸಿದ್ದರೆ ನೀನು ಬೇಗ ಕೆಲಸಕ್ಕೆ ಹೋಗುತ್ತಿದ್ದೆ ಎಂದು ನೇರವಾಗಿ ಹೇಳಿದರು. ತನಗೆ ಅದು ಬರುವುದಿಲ್ಲ, ಈ ವಯಸ್ಸಿನಲ್ಲಿ ಟಿ.ವಿ. ನೋಡಿಕೊಂಡು ಕೈ ಆಡಿಸಲು ಕಲಿತರೆ ಕಲಿಯುವವರೆಗಿನ ರೋಗಿಗಳ ಗತಿಯೇನು ಎಂದರು. ತಾನು ಮಾಡುವುದು ಕೊಯ್ದು ಬಲೆ ಹೊಲಿಯುವುದು. ನೋವಿರುತ್ತದೆ. ಮಳೆ ಹಿಡಿಯುವವರೆಗೆ ಭಾರದ ಹತ್ತಿರ ಹೋಗಕೂಡದು.

ಕೊಚ್ಚಿಯಲ್ಲಿ ಬೇರೆ ಎಲ್ಲಾದರೂ ತೂತಿನ ಆಪರೇಷನ್ ಮಾಡುವವರಿದ್ದಾರೆಯೇ ಎಂಬ ಪ್ರಶ್ನೆ ಮಹಾಬಲನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಉಣ್ಣಿತ್ತಾನ್ ಎದ್ದು ಬಾಗಿಲು ಹಾಕಿ, ಪರದೆ ಎಳೆದು, ಕೈ ತೊಳೆದು, ಪಂಚೆಯ ಅಂಚಿನ ಹತ್ತಿರ ಬೆರಳು ತಂದು ಅಲ್ಲೇ ನಿಲ್ಲಿಸಿದರು.

“ನೋಕ್ಕಟ್ಟೆ?” ಎಂದರು. ನೋಡಲೇ ಎಂದು.

ಅವನು ತಾನೇ ಪಂಚೆ ಸಡಿಲಿಸಿದ. ಆ ಪ್ರಶ್ನೆ ಬಾಯಿಂದ ಹೊರಗೆ ಬರಲೇ ಇಲ್ಲ.

ಆಪರೇಷನ್ ಆಯಿತು. ಸೊಂಟದ ಕೆಳಗೆ ಯಾರದೋ ಕಾಲುಗಳು ಇದ್ದಂತೆ ಇದ್ದು, ಸಂಜೆಗೆ ತನ್ನವಾಗಿ ತಿರುಗಿ ಬಂದವು, ನೋವನ್ನೂ ಹೊತ್ತುಕೊಂಡು. ಹೊಲಿಗೆಯ ಜಾಗ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿಕೊಂಡಿತು. ನಕ್ಕರೆ ಹರಿದಂತೆ, ಸೀನಿದರೆ ಸತ್ತಂತೆ. ಮಂಚದ ಪಾತ್ರೆಯಲ್ಲಿ ಉಚ್ಚೆ ಹೊಯ್ಯಲು ಬಾರದೆ ಸುಶೀಲ ನಲ್ಲಿ ಬಿಟ್ಟು ಸದ್ದು ಕೇಳಿಸಿದಳು. ಮನೆಗೆ ಬಂದ ಮೇಲೂ ಗೋಡೆ ಹಿಡಿದು ಕುರುಡನ ಹಾಗೆ ಓಡಾಡಿದ. ತೊಡೆಯ ಮೇಲೆ ಅಂಗೈಯಗಲ ಜಾಗ ಮರಗಟ್ಟಿಯೇ ಉಳಿಯಿತು. ಅಲ್ಲಿ ಮುಟ್ಟಿದರೆ ಬೇರೆಯವರ ಚರ್ಮ ಮುಟ್ಟಿದ ಹಾಗೆ. ಅದು ಅವನಿಗೆ ಅಸಹ್ಯ ಹುಟ್ಟಿಸುತ್ತಿತ್ತು, ಆದರೂ ಬೆರಳು ಅಲ್ಲಿಗೇ ಹೋಗುತ್ತಿತ್ತು.

ಗೋಪುರ ಎತ್ತುವ ದಿನ ಅವನು ಉಪಕರಣದ ಕೋಣೆಯಲ್ಲಿ ಕೊಂಡಿ, ಕೊಕ್ಕೆಗಳನ್ನು ಎಣಿಸಿ ಕೊಡುವ ಕೆಲಸದಲ್ಲಿದ್ದ. ಬಾಗಿಲಿಗೆ ಬಂದು ನಿಂತ. ಸನ್ನೆ ಕೊಟ್ಟವನು ಅಣ್ಣಪ್ಪ, ಅವನ ಕೈಕೆಳಗೆ ಪಳಗಿದ ಕುಂದಾಪುರದವನು. ಅಣ್ಣಪ್ಪ ತಿರುಗಿಸುವುದರಲ್ಲಿ ಸ್ವಲ್ಪ ತಡಮಾಡಿದ, ಗೋಪುರದ ತಲೆ ಒಂದು ಸಲ ಓಲಾಡಿತು. ಮಹಾಬಲನ ಬಲಗೈ ತಾನಾಗಿಯೇ ಮೇಲೆದ್ದಿತು. ಯಾರೂ ಅತ್ತ ನೋಡಲಿಲ್ಲ. ಗೋಪುರ ನೆಟ್ಟಗಾಯಿತು, ಬುಡದಲ್ಲಿ ಕೂತಿತು. ಜನ ಚಪ್ಪಾಳೆ ತಟ್ಟಿದರು, ಮ್ಯಾನೇಜರು ಅಣ್ಣಪ್ಪನ ಬೆನ್ನು ತಟ್ಟಿದ. ಮಹಾಬಲ ಎತ್ತಿದ ಕೈಯನ್ನು ಇಳಿಸಿ ತಲೆ ಕೆರೆದುಕೊಂಡು ಒಳಗೆ ಹೋದ.

ಮಳೆ ಹಿಡಿದ ಮೇಲೆ ಒಂದು ಭಾನುವಾರ ರಾಮದಾಸ, ನಿರ್ಮಲ ಕೊಚ್ಚಿಗೆ ಬಂದರು. ರಾಜಿಮಾಡಿಸಲು ನಿರ್ಮಲಳೇ ಎಳೆದುಕೊಂಡು ಬಂದದ್ದು. ಸುಶೀಲ ಊಟ ಬಡಿಸಿದಳು. ಊಟದ ನಂತರ ರಾಮದಾಸ ಚೀಲದಿಂದ ಮತ್ತೊಂದು ಕ್ಯಾಸೆಟ್ ತೆಗೆದ. ನಿರ್ಮಲ ಹಣೆ ಚಚ್ಚಿಕೊಂಡಳು. “ಹಾಕಿ,” ಎಂದ ಮಹಾಬಲ.

ಅದು ಅವನ ಬದಲಿಗೆ ಹೋಟೆಲಿನ ಹಾಲಿನಲ್ಲಿ ಕಂಡವನ ಹೊಟ್ಟೆ. ತುಂಬಾದ ಕಡಲಕರೆಯ ಒಬ್ಬ ಮೀನುಗಾರನಂತೆ. ಏನೂ ತೊಂದರೆಯಾಗಲಿಲ್ಲ, ಆಗಲೇ ದೋಣಿ ಹತ್ತಿ ಬಲೆ ಎಳೆಯುತ್ತಿದ್ದಾನೆ ಎಂದು ರಾಮದಾಸ ಎರಡೆರಡು ಸಲ ಹೇಳಿದ. ಮಹಾಬಲ ಮುಖ ತಿರುಗಿಸದೆ ನೋಡುತ್ತ ಕೂತ. ಹೇಸಿಗೆ ಕಡಿಮೆಯಾಗಿರಲಿಲ್ಲ. ಆ ಒದ್ದೆ, ಆ ಹಳದಿ, ನಡುನಡುವೆ ಹಾಲಿನಿಂದ ಕೇಳಿಬರುವ ನಗು, ಯಾರೋ ಚಹಾ ಕಪ್ಪು ಇಟ್ಟ ಸದ್ದು. ಆದರೆ ಕೈ ಕಾಣದ ಜಾಗದಲ್ಲಿ, ಬೇರೆಲ್ಲೋ ಇರುವ ಪರದೆ ನೋಡಿಕೊಂಡು, ಆ ಇಕ್ಕಳ ಸುರುಳಿ ಸುತ್ತಿದ ಬಲೆಯನ್ನು ಒಳಗೆ ತಂದು, ಬಿಚ್ಚಿ, ಮೂಲೆ ಮೂಲೆಗೂ ಸುಕ್ಕಿಲ್ಲದೆ ಹಾಸಿದ್ದನ್ನು ನೋಡಿದಾಗ ಅವನೊಳಗಿನ ರಿಗ್ಗರಿಗೆ ಸುಮ್ಮನಿರಲು ಆಗಲಿಲ್ಲ.

“ಒಳ್ಳೆ ಕೆಲಸ,” ಎಂದ.

ರಾಮದಾಸನ ಮುಖ ಅರಳಿತು. “ಅದಕ್ಕೇ ಭಾವ ನಾನು ಅವತ್ತು—”

“ನೀವು ನನ್ನನ್ನು ಕೇಳಬೇಕಿತ್ತು.”

“ಕೇಳಿದ್ರೆ ನೀವು ಬೇಡ ಅಂತಿದ್ರಿ.”

ಮಹಾಬಲ ಯೋಚಿಸಿದ. ಬೇಡ ಅನ್ನುತ್ತಿದ್ದನೋ ಏನೋ. ಗೋಪುರದ ಆಸೆಗೆ ಹೂಂ ಅನ್ನುತ್ತಿದ್ದನೋ ಏನೋ. ಈಗ ಅದು ಅವನಿಗೇ ಗೊತ್ತಿರಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅದನ್ನೂ ಸೇರಿಸಿಯೇ ಈ ಮನುಷ್ಯ ಕಸಿದುಕೊಂಡಿದ್ದ.

“ಬೇಡ ಹೇಳುತ್ತಿದ್ದೆನೋ ಇಲ್ಲವೋ, ಅದು ನಾನು ಹೇಳುವ ಮಾತು,” ಎಂದ. “ಕೇಳುವುದು ನಿಮ್ಮ ಕೆಲಸ ಇತ್ತು.”

ರಾಮದಾಸನಿಗೆ ಅರ್ಥವಾಯಿತೆಂದು ಮಹಾಬಲನಿಗೆ ಅನ್ನಿಸಲಿಲ್ಲ. ಪರದೆಯ ಮೇಲೆ, ಹೆಸರೇ ಗೊತ್ತಿಲ್ಲದ ಆ ಮೀನುಗಾರನ ಹೊಟ್ಟೆ ಇನ್ನೂ ಉಸಿರಾಡುತ್ತಿತ್ತು. ಇವನನ್ನಾದರೂ ಯಾರಾದರೂ ಕೇಳಿದ್ದರೇ ಎಂದು ಮಹಾಬಲ ವಿಚಾರಿಸಿದ. ರಾಮದಾಸನಿಗೆ ಗೊತ್ತಿರಲಿಲ್ಲ. ಮಹಾಬಲ ಎದ್ದು, ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಬಗ್ಗಿ, ಟಿ.ವಿ. ಆರಿಸಿದ.